ಹರಳಿಗೆ ಬೇಕಾಗಿದ್ದು ಖಾಲಿ ಜಾಗ

ಖನಿಜಗಳ ಗ್ಯಾಲರಿಯಲ್ಲಿ ಜನ ಎಲ್ಲಿ ಗುಂಪುಗೂಡಿರುತ್ತಾರೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ವಜ್ರ, ಮಾಣಿಕ್ಯ, ಪಚ್ಚೆ, ನೀಲ ಇಟ್ಟ ಪೆಟ್ಟಿಗೆಗಳ ಮುಂದೆ. ಅಲ್ಲಿ ದೀಪಗಳೂ ಜಾಸ್ತಿ, ಕಾವಲೂ ಜಾಸ್ತಿ. ನನಗೂ ಅವು ಇಷ್ಟವೇ, ಸುಳ್ಳು ಯಾಕೆ ಹೇಳಲಿ. ಆದರೆ ಸ್ವಲ್ಪ ಹೊತ್ತು ನೋಡಿದ ಮೇಲೆ ಸಾಕು ಅನ್ನಿಸುತ್ತದೆ. ಆ ಕಲ್ಲುಗಳ ಮುಖಗಳೆಲ್ಲ ಮನುಷ್ಯರು ಸಾಣೆ ಹಿಡಿದು ಮಾಡಿದ್ದು. ಬೆಳಕು ಎಲ್ಲಿಂದ ಒಳಗೆ ಹೋಗಬೇಕು, ಎಲ್ಲಿಂದ ವಾಪಸ್ ಬರಬೇಕು ಅಂತ ಲೆಕ್ಕ ಹಾಕಿ ಕೊಯ್ದದ್ದು. ದೊಡ್ಡ ಕೈಚಳಕ, ಮೆಚ್ಚಲೇಬೇಕು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಪಕ್ಕದ ಸಾಲು, ಅಷ್ಟೇನೂ ಜನ ಇಲ್ಲದ್ದು. ಸಾಣೆ ಮುಟ್ಟದ ಹರಳುಗಳ ಸಾಲು.

ಆ ಸಾಲಿನಲ್ಲಿ ನಿಂತರೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಇದನ್ನ ಯಾರು ಕೆತ್ತಿದ್ದು?" ಮಕ್ಕಳೂ ಕೇಳುತ್ತಾರೆ, ದೊಡ್ಡವರೂ ಕೇಳುತ್ತಾರೆ. ಸ್ಪೇನಿನ ನವಾಹುನ್ ಗಣಿಯ ಪೈರೈಟ್ ಮುಂದೆ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ಮಾಸಲು ಮಣ್ಣುಗಲ್ಲಿನ ಮೇಲೆ ಹಿತ್ತಾಳೆ ಬಣ್ಣದ ಪಕ್ಕಾ ಘನಗಳು. ಅಂಚುಗಳು ಚೂಪು, ಮೂಲೆಗಳು ನೇರ, ಮುಖಗಳಲ್ಲಿ ನಮ್ಮ ನೆರಳು ಕಾಣುವಷ್ಟು ಹೊಳಪು. ಕಬ್ಬಿಣ ಮತ್ತು ಗಂಧಕ ಸೇರಿ ತಾವಾಗಿಯೇ ಹೀಗೆ ಆಗಿದ್ದು ಅಂದರೆ ಜನ ನಗುತ್ತಾರೆ. ಯಾರೋ ಲೇಥಿನಲ್ಲಿ ಮಾಡಿ ಅಂಟಿಸಿದ್ದಾರೆ ಅನ್ನುವುದೇ ಅವರಿಗೆ ನಂಬಲು ಸುಲಭ.

ನಂಬದೆ ಇರುವುದು ತಪ್ಪೇನೂ ಅಲ್ಲ. ಇದೇ ಅನುಮಾನ ಒಂದು ಕಾಲಕ್ಕೆ ವಿಜ್ಞಾನಿಗಳಿಗೂ ಇತ್ತು, ಬೇರೆ ರೂಪದಲ್ಲಿ. ಒಂದೇ ಜಾತಿಯ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲಿನ ಹರಳು ಒಮ್ಮೆ ಸಪೂರ, ಒಮ್ಮೆ ಗಿಡ್ಡ, ಒಮ್ಮೆ ಒಂದು ಕಡೆ ಚಪ್ಪಟೆ. ಹಾಗಾದರೆ ಇದಕ್ಕೆ ನಿಯಮ ಅಂತ ಏನಾದರೂ ಇದೆಯೇ? 1669ರಲ್ಲಿ ನಿಕೋಲಸ್ ಸ್ಟೆನೋ ಅನ್ನುವ ಡೆನ್ಮಾರ್ಕಿನವನು ಉತ್ತರ ಬರೆದ. ಅವನು ಮೂಲತಃ ದೇಹ ಕೊಯ್ದು ನೋಡುತ್ತಿದ್ದ ಅಂಗರಚನಾಶಾಸ್ತ್ರಜ್ಞ, ಆಮೇಲೆ ಬಿಷಪ್ ಕೂಡ ಆದ. ಹರಳಿನ ಗಾತ್ರ ಬದಲಾಗಬಹುದು, ಆಕಾರ ಸೊಟ್ಟ ಆಗಬಹುದು, ಮುಖಗಳ ನಡುವಿನ ಕೋನ ಮಾತ್ರ ಬದಲಾಗಲ್ಲ ಅಂತ ಅವನು ಕಂಡುಕೊಂಡ. ಕ್ವಾರ್ಟ್ಜ್‌ನ ಮೈಸುತ್ತಲಿನ ಆರು ಮುಖಗಳಲ್ಲಿ ಅಕ್ಕಪಕ್ಕದ ಎರಡರ ನಡುವೆ 120 ಡಿಗ್ರಿ. ಉಗುರಿನಷ್ಟು ಹರಳಿಗೂ ಅಷ್ಟೇ, ಮನುಷ್ಯನೆತ್ತರದ ಹರಳಿಗೂ ಅಷ್ಟೇ. ಯಾಕೆ ಅಂತ ತಿಳಿಯಲು ಇನ್ನೂ ಇನ್ನೂರ ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1912ರಲ್ಲಿ ಮ್ಯಾಕ್ಸ್ ಫಾನ್ ಲೌವೆ ಮತ್ತು ಜೊತೆಗಾರರು ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದಾಗ ಫೋಟೊ ಫಲಕದ ಮೇಲೆ ಒಪ್ಪವಾಗಿ ಜೋಡಿಸಿದ ಚುಕ್ಕಿಗಳು ಬಿದ್ದವು. ಒಳಗೆ ಅಣುಗಳು ಸಾಲಾಗಿ ನಿಂತಿವೆ, ಹೊರಗಿನ ಮುಖ ಆ ಸಾಲಿನದೇ ಅಂಚು ಅನ್ನುವುದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತು.

ಇಷ್ಟು ಗ್ಯಾಲರಿಯ ಗೋಡೆ ಮೇಲಿನ ಫಲಕದಲ್ಲೇ ಇರುತ್ತದೆ. ನನ್ನ ತಲೆ ತಿನ್ನುವ ಪ್ರಶ್ನೆಗೆ ಅಲ್ಲಿ ಜಾಗ ಇರುವುದಿಲ್ಲ. ಒಳಗೆ ಎಲ್ಲ ಕ್ವಾರ್ಟ್ಜ್‌ನಲ್ಲೂ ಅದೇ ಸಾಲು, ಅದೇ ಶಿಸ್ತು ಅಂದಮೇಲೆ, ನಾವು ದಿನಾ ತುಳಿಯುವ ಮರಳಿನಲ್ಲಿ ಆ ಮುಖಗಳು ಯಾಕೆ ಇಲ್ಲ? ಮರಳಿನ ಕಣವೂ ಬಹುಪಾಲು ಕ್ವಾರ್ಟ್ಜ್. ಅದು ನದಿಯಲ್ಲಿ ಉರುಳಿ ಸವೆಯಿತು ಅನ್ನೋಣ. ಸವೆಯದ ಗ್ರಾನೈಟ್ ಬಂಡೆ ಒಡೆದು ನೋಡಿ, ಅಲ್ಲೂ ಇಲ್ಲ. ಬೂದು ಬಣ್ಣದ ಗಾಜಿನ ಚೂರುಗಳು ಕಾಣುತ್ತವಲ್ಲ, ಅದೇ ಕ್ವಾರ್ಟ್ಜ್. ಮುಖ ಇಲ್ಲ, ಮೂಲೆ ಇಲ್ಲ, ಆಕಾರವೇ ಇಲ್ಲ.

ಉತ್ತರ ಸರಳ. ಅದಕ್ಕೆ ಜಾಗ ಸಿಗಲಿಲ್ಲ. ಕರಗಿದ ಕಲ್ಲು ನೆಲದಾಳದಲ್ಲಿ ಆರುವಾಗ ಬೇರೆ ಖನಿಜಗಳು ಮೊದಲು ಹರಳುಗಟ್ಟುತ್ತವೆ. ಕ್ವಾರ್ಟ್ಜ್ ಸರದಿ ಬರುವುದು ಕೊನೆಗೆ. ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವರ ಪಾಡು ಅದರದು. ಇದ್ದ ಸಂದಿಗೊಂದಿಗೆ ಮೈ ಹೊಂದಿಸಿಕೊಂಡು ನಿಲ್ಲಬೇಕು. ಒಳಗಿನ ಅಣುಗಳ ಶಿಸ್ತು ಹಾಗೇ ಇರುತ್ತದೆ, ಹೊರಗೆ ತೋರಿಸಿಕೊಳ್ಳಲು ಮಾತ್ರ ಅವಕಾಶ ಇಲ್ಲ.

ಇದು ತಲೆಗೆ ಹೋದಮೇಲೆ ನಾನು ಗ್ಯಾಲರಿ ನೋಡುವ ರೀತಿಯೇ ಬೇರೆಯಾಯಿತು. ಪೆಟ್ಟಿಗೆಯಲ್ಲಿ ನಿಂತ ಪ್ರತಿ ಚೂಪು ಹರಳಿನ ಹಿಂದೆ ಒಂದು ಖಾಲಿ ಜಾಗ ಇತ್ತು. ಅಪರೂಪದ್ದು ಕ್ವಾರ್ಟ್ಜ್ ಅಲ್ಲ, ಅದು ಎಲ್ಲೆಲ್ಲೂ ಇದೆ. ಅಪರೂಪದ್ದು ಆ ಪೊಳ್ಳು. ಟನ್‌ಗಟ್ಟಲೆ ಭಾರದ ಬಂಡೆಗಳ ನಡುವೆ ಅದು ಕುಸಿಯದೆ ಉಳಿಯಬೇಕು. ಅದರೊಳಗೆ ಖನಿಜ ಕರಗಿದ ನೀರು ಓಡಾಡಬೇಕು. ಮುಚ್ಚಿಹೋಗುವಷ್ಟು ತುಂಬಲೂ ಬಾರದು. ಇದೆಲ್ಲ ಕೂಡಿಬರಬೇಕು ಅಂದರೆ ಸುಮ್ನೆ ಅಲ್ಲ.

ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಅಮೆಥಿಸ್ಟ್, ಅಂದರೆ ನೇರಳೆ ಕ್ವಾರ್ಟ್ಜ್‌ನ ಗುಹೆಯನ್ನೇ ತೆಗೆದುಕೊಳ್ಳಿ. ಆಳೆತ್ತರದ ಕಲ್ಲಿನ ಕೊಳವೆ, ಉದ್ದಕ್ಕೆ ಸೀಳಿ ನಿಲ್ಲಿಸಿರುತ್ತಾರೆ, ಒಳಗೆಲ್ಲ ನೇರಳೆ ಮೊನೆಗಳು. ದೊಡ್ಡವು ಹೆಚ್ಚಾಗಿ ಬರುವುದು ಬ್ರೆಜಿಲ್‌ನ ದಕ್ಷಿಣ ಭಾಗ ಮತ್ತು ಉರುಗ್ವೆಯಿಂದ. ಅಲ್ಲಿ 13 ಕೋಟಿ ವರ್ಷಕ್ಕೂ ಹಿಂದೆ ಲಾವಾ ಹರಿದಿತ್ತು. ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಮೇಲೇಳುವಾಗಲೇ ಸುತ್ತಲಿನ ಕಲ್ಲು ಗಟ್ಟಿಯಾಯಿತು. ಗುಳ್ಳೆ ಅಲ್ಲೇ ಸಿಕ್ಕಿಬಿತ್ತು. ಆಮೇಲೆ ಸಿಲಿಕಾ (ಕ್ವಾರ್ಟ್ಜ್ ಆಗುವ ವಸ್ತು) ಕರಗಿದ ನೀರು ಬಂಡೆಯೊಳಗೆ ಜಿನುಗಿ ಬಂದು ಗೋಡೆಗೆ ಮೊದಲು ಅಗೇಟ್ ಅನ್ನುವ ನುಣುಪು ಕಲ್ಲಿನ ಪದರ ಹಚ್ಚಿತು, ಅದರ ಮೇಲೆ ಬಿಳಿ ಕ್ವಾರ್ಟ್ಜ್, ಅದರ ಮೇಲೆ ನೇರಳೆ. ಎಲ್ಲ ಮೊನೆಗಳೂ ಒಳಗಡೆಗೇ ಮುಖ ಮಾಡಿರುವುದು ಅದಕ್ಕೇ. ಖಾಲಿ ಇದ್ದಿದ್ದು ಆ ಕಡೆ ಮಾತ್ರ. ನೇರಳೆ ಬಣ್ಣಕ್ಕೆ ಕಾರಣ ಒಳಗೆ ಸೇರಿದ ಚೂರೇ ಚೂರು ಕಬ್ಬಿಣ, ಜೊತೆಗೆ ಸುತ್ತಲಿನ ಬಂಡೆಯ ವಿಕಿರಣ. ನಾನೂರು-ಐನೂರು ಡಿಗ್ರಿಗೆ ಕಾಯಿಸಿದರೆ ಹಳದಿಗೆ ತಿರುಗುತ್ತದೆ. ಸಿಟ್ರೀನ್ ಅಂತ ಮಾರುವ ಹಳದಿ ಕಲ್ಲಿನಲ್ಲಿ ಬಹುಪಾಲು ಹೀಗೆ ಕಾಯಿಸಿದ ಅಮೆಥಿಸ್ಟೇ.

ದಖ್ಖನ್ ಬೆಸಾಲ್ಟ್‌ನ ಕಥೆಯೂ ಅದೇ ದಾರಿಯದು, ಪಾತ್ರಗಳು ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಲೆ ಅಲೆಯಾಗಿ ಹರಿದ ಲಾವಾ ಅದು. ಆ ಗುಳ್ಳೆಗಳಲ್ಲಿ ತುಂಬಿಕೊಂಡಿದ್ದು ಜಿಯೊಲೈಟ್ ಅನ್ನುವ ಖನಿಜಗಳ ಗುಂಪು ಮತ್ತು ಅದರ ನೆಂಟರು. ಪೀಚ್ ಬಣ್ಣದ ಸ್ಟಿಲ್‌ಬೈಟ್, ಸೂಜಿ ಸೂಜಿಯಾದ ಸ್ಕೋಲೆಸೈಟ್, ತಿಳಿಹಸಿರು ಅಪೊಫಿಲೈಟ್. ಪ್ರಪಂಚದ ಯಾವ ಒಳ್ಳೆಯ ಗ್ಯಾಲರಿಗೆ ಹೋದರೂ ಇವುಗಳ ಚೀಟಿಯಲ್ಲಿ ಮಹಾರಾಷ್ಟ್ರದ ಹೆಸರು ಇರುತ್ತದೆ. ಕಾವನ್ಸೈಟ್ ಅನ್ನುವ ಕಡುನೀಲಿ ಖನಿಜವನ್ನು ಮೊದಲು ಗುರುತಿಸಿದ್ದು ಅಮೆರಿಕದ ಒರೆಗಾನ್‌ನಲ್ಲಿ. ಆದರೆ ಬಿಳಿ ಸ್ಟಿಲ್‌ಬೈಟ್ ಮೇಲೆ ನೀಲಿ ಉಂಡೆಗಳಾಗಿ ಕೂತ, ಎಲ್ಲರೂ ಮುಗಿಬೀಳುವ ಮಾದರಿಗಳು ಬಂದಿದ್ದು ಪುಣೆ ಹತ್ತಿರದ ವಾಘೋಲಿ ಕಲ್ಲುಕ್ವಾರಿಯಿಂದ. ಅಲ್ಲಿ ಜನ ಕಲ್ಲು ಒಡೆಯುತ್ತಿದ್ದುದು ಹರಳಿಗಾಗಿ ಅಲ್ಲ, ಜಲ್ಲಿಗಾಗಿ. ಹಾಗೇ ಹತ್ತೊಂಬತ್ತನೇ ಶತಮಾನದಲ್ಲಿ ಪಶ್ಚಿಮ ಘಟ್ಟ ಕೊರೆದು ರೈಲು ಹಳಿ ಹಾಕುವಾಗಲೂ ರಾಶಿ ರಾಶಿ ಜಿಯೊಲೈಟ್ ಸಿಕ್ಕಿತ್ತು.

ಇದನ್ನು ಓದಿದಾಗೆಲ್ಲ ನನಗೆ ಒಂದು ಥರ ಇಬ್ಬಂದಿ. ಡೈನಮೈಟ್ ಇಡದಿದ್ದರೆ ಆ ಪೊಳ್ಳು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಇಟ್ಟಾಗ ಒಂದು ಉಳಿದರೆ ಎಷ್ಟೋ ಪುಡಿಯಾಗುತ್ತವೆ. ಉಳಿದದ್ದನ್ನು ಯಾರೋ ಕೂಲಿಯವರು ಎತ್ತಿ ಪಕ್ಕಕ್ಕೆ ಇಡದಿದ್ದರೆ ಅದೂ ಕ್ರಷರ್‌ಗೆ ಹೋಗುತ್ತದೆ. ಗ್ಯಾಲರಿಯ ಚೀಟಿಯಲ್ಲಿ ದಾನ ಕೊಟ್ಟವರ ಹೆಸರು ಇರುತ್ತದೆ. ಎತ್ತಿ ಇಟ್ಟವರದು ಇರುವುದಿಲ್ಲ.

ನನಗೆ ಬಹಳ ಹಿಡಿಸಿದ ಹರಳು ದೊಡ್ಡದೇನಲ್ಲ, ಅಂಗೈಯಲ್ಲಿ ಹಿಡಿಸುವಂಥದ್ದು. ತಿಳಿಯಾದ ಕ್ವಾರ್ಟ್ಜ್. ದೂರದಿಂದ ಒಳಗೆ ಏನೋ ಹೊಗೆ ಹೊಕ್ಕ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅದು ಹೊಗೆಯಲ್ಲ, ಹರಳಿನೊಳಗೆ ಇನ್ನೊಂದು ಹರಳು. ಅದೇ ಆರು ಮುಖ, ಅದೇ ಮೊನೆ, ಅಷ್ಟೇ ಕೋನ. ಮಸುಕು ಹಸಿರು ಗೆರೆಯಲ್ಲಿ ಬರೆದ ಹಾಗಿದೆ. ಅದರೊಳಗೆ ಮತ್ತೂ ಚಿಕ್ಕದೊಂದು. ಇದಕ್ಕೆ ಫ್ಯಾಂಟಮ್ ಅನ್ನುತ್ತಾರೆ. ಹರಳು ಬೆಳೆಯುತ್ತಾ ಇತ್ತು, ಯಾವುದೋ ಕಾರಣಕ್ಕೆ ನಿಂತಿತು. ನಿಂತಿದ್ದಾಗ ಮುಖಗಳ ಮೇಲೆ ಕ್ಲೋರೈಟ್ ಅನ್ನುವ ಖನಿಜದ ಹಸಿರು ಪುಡಿ ಕೂತಿತು. ಮತ್ತೆ ಖನಿಜದ ನೀರು ಬಂತು, ಆ ಪುಡಿಯ ಮೇಲೆಯೇ ಬೆಳವಣಿಗೆ ಮುಂದುವರಿಯಿತು. ಒಂದು ಕಡೆ ಪುಡಿ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಪುಡಿ ಉದುರಿ ಬಿದ್ದಿದ್ದರೆ ಮೇಲ್ಮುಖದ ಕಡೆಗೇ ಜಾಸ್ತಿ ಕೂರಬೇಕಲ್ವಾ? ಆ ಪೊಳ್ಳಿನಲ್ಲಿ ಹರಳು ಯಾವ ಕಡೆ ವಾಲಿ ನಿಂತಿತ್ತು ಅನ್ನುವ ಸುಳಿವೂ ಅದರಲ್ಲೇ ಇದೆ.

ಅದರ ಪಕ್ಕದ್ದು ಇನ್ನೂ ಮಜಾ. ಮುಂದೆ ಒಂದು ಭೂತಗನ್ನಡಿ ಸಿಕ್ಕಿಸಿದ್ದರು. ಹರಳಿನೊಳಗೆ ಒಂದು ಸಣ್ಣ ಸಂದು, ಅದರಲ್ಲಿ ನೀರು, ನೀರಿನಲ್ಲಿ ಒಂದು ಗುಳ್ಳೆ. ಗುಂಡಿ ಒತ್ತಿದರೆ ಪೀಠ ಸ್ವಲ್ಪ ವಾಲುತ್ತದೆ, ಗುಳ್ಳೆ ಆ ಕಡೆಯಿಂದ ಈ ಕಡೆಗೆ ಜಾರುತ್ತದೆ. ಹರಳು ಬೆಳೆಯುವಾಗ ಸಿಕ್ಕಿಹಾಕಿಕೊಂಡ ನೀರು ಅದು, ಅಂದರೆ ಹರಳನ್ನು ಮಾಡಿದ ನೀರೇ. ಆಗ ಬಿಸಿ ಇತ್ತು, ಸಂದು ತುಂಬಿತ್ತು. ಆರಿದಾಗ ಕುಗ್ಗಿತು, ಖಾಲಿಯಾದ ಕಡೆ ಗುಳ್ಳೆ ಬಂತು. ಇಂಥ ಹರಳನ್ನು ಮತ್ತೆ ನಿಧಾನಕ್ಕೆ ಕಾಯಿಸುತ್ತಾ ಹೋದರೆ ಒಂದು ಹಂತದಲ್ಲಿ ಗುಳ್ಳೆ ಮಾಯವಾಗುತ್ತದೆ. ಹರಳು ಕನಿಷ್ಠ ಎಷ್ಟು ಬಿಸಿಯಲ್ಲಿ ಬೆಳೆದಿತ್ತು ಅಂತ ಆ ಉಷ್ಣತೆ ಹೇಳುತ್ತದೆ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಈ ಉಪಾಯ ಬರೆದಾಗ, ಗುಡ್ಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹೊರಟಿದ್ದಾನೆ ಅಂತ ಜನ ಆಡಿಕೊಂಡರಂತೆ. ಇವತ್ತಿಗೂ ಅದಿರು ಹುಡುಕುವವರು ಬಳಸುವುದು ಅದೇ ಉಪಾಯ. ಗುಂಡಿ ಒತ್ತಲು ಮಕ್ಕಳ ಸಾಲು ಇತ್ತು. ನಾನೂ ಸಾಲಿನಲ್ಲಿ ನಿಂತು ಮತ್ತೆ ಒತ್ತಿ ಬಂದೆ.

ಪೆಗ್ಮಟೈಟ್ ವಿಭಾಗದಲ್ಲೂ ನೋಡಬೇಕಾದ್ದು ಬೇಕಾದಷ್ಟಿದೆ. ಕರಗಿದ ಕಲ್ಲಿನ ಕೊನೆಯ ಉಳಿಕೆ ಅದು. ನೀರು ಜಾಸ್ತಿ, ಜೊತೆಗೆ ಬೇರೆ ಖನಿಜಗಳಿಗೆ ಬೇಡವಾದ ಲಿಥಿಯಂ, ಬೆರಿಲಿಯಂ, ಬೋರಾನ್. ಅಣುಗಳು ಸರಾಗವಾಗಿ ಓಡಾಡುವುದರಿಂದ ಹರಳುಗಳು ದೈತ್ಯ ಆಗುತ್ತವೆ. ಅಮೆರಿಕದ ಸೌತ್ ಡಕೋಟಾದ ಎಟ್ಟಾ ಗಣಿಯಲ್ಲಿ 12 ಮೀಟರ್‌ಗೂ ಉದ್ದದ ಸ್ಪೋಡ್ಯುಮೀನ್ ಅನ್ನುವ ಲಿಥಿಯಂ ಖನಿಜದ ಹರಳು ಸಿಕ್ಕಿತ್ತು. ಆದರೆ ರತ್ನಕ್ಕೆ ಬರುವ ತಿಳಿ ಹರಳು ಸಿಗುವುದು ಹೆಚ್ಚಾಗಿ ಅದರೊಳಗಿನ ಪೊಳ್ಳುಗಳಲ್ಲೇ. ಗಣಿಯವರು ಪಾಕೆಟ್ ಅನ್ನುತ್ತಾರೆ. ಪಾಕೆಟ್ ಹತ್ತಿರ ಬಂತು ಅನ್ನಿಸಿದರೆ ಸಿಡಿಮದ್ದು ಬಿಟ್ಟು ಕೈ ಉಪಕರಣ ಹಿಡಿಯುತ್ತಾರೆ. ಕಲ್ಲಂಗಡಿ ಟೂರ್ಮಲಿನ್ ಅನ್ನುವ ರತ್ನ ನೋಡಿದ್ದೀರಾ? ಒಳಗೆ ಗುಲಾಬಿ, ಹೊರಗೆ ಹಸಿರು. ಪಾಕೆಟ್‌ನೊಳಗಿನ ದ್ರವದಲ್ಲಿ ಏನೇನು ಎಷ್ಟೆಷ್ಟು ಇತ್ತು ಅನ್ನುವುದು ನಡುವೆ ಬದಲಾಯಿತು, ಬಣ್ಣವೂ ಬದಲಾಯಿತು. ಅಡ್ಡಕ್ಕೆ ಕೊಯ್ದ ಚೂರಿನಲ್ಲಿ ಎಲ್ಲಿ ಬದಲಾಯಿತು ಅಂತ ಬೆರಳಿಟ್ಟು ತೋರಿಸಬಹುದು.

ಇಷ್ಟು ಹೇಳಿ ನವಾಹುನ್ ಪೈರೈಟ್ ಬಗ್ಗೆ ಸುಮ್ಮನಿದ್ದರೆ ಮೋಸ. ಅದಕ್ಕೆ ಪೊಳ್ಳು ಇರಲಿಲ್ಲ. ಮೆದು ಮಣ್ಣುಗಲ್ಲಿನ ಹೊಟ್ಟೆಯಲ್ಲೇ, ಸುತ್ತಲಿನದನ್ನು ಒತ್ತರಿಸಿಕೊಂಡು ಬೆಳೆದದ್ದು ಅದು. ಗಾರ್ನೆಟ್ ಅನ್ನುವ ಖನಿಜ ಇನ್ನೂ ಗಟ್ಟಿ ಪಿಂಡ. ಗಟ್ಟಿ ಬಂಡೆಯೊಳಗೆ, ಬಿಸಿ ಮತ್ತು ಒತ್ತಡದಲ್ಲಿ, ಪಕ್ಕದ ಅಭ್ರಕವನ್ನು ಬಗ್ಗಿಸಿ, ತಿಂದು, ತನ್ನ ಹನ್ನೆರಡು ಮುಖಗಳನ್ನು ತೆಗೆದೇ ತೆಗೆಯುತ್ತದೆ. ಹಾಗಾಗಿ ನನ್ನ ಸೂತ್ರ ಎಲ್ಲದಕ್ಕೂ ನಡೆಯಲ್ಲ. ಕೆಲವಕ್ಕೆ ಜಾಗ ಬೇಕು, ಕೆಲವು ಜಾಗ ಮಾಡಿಕೊಳ್ಳುತ್ತವೆ. ಆದರೆ ಒಂದು ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗಾರ್ನೆಟ್‌ನ ಹೊಟ್ಟೆಯಲ್ಲಿ ಸುತ್ತಲಿನ ಬಂಡೆಯ ಕಸಕಡ್ಡಿ ಹಾಗೇ ಉಳಿದಿರುವುದು ಮಾಮೂಲು. ತಿಳಿನೀರಿನಂಥ ಹರಳು ಬೇಕಾದರೆ ಮತ್ತೆ ಪೊಳ್ಳಿನ ಬಾಗಿಲಿಗೇ ಬರಬೇಕು.

ಕತ್ತಲೆ ಕೋಣೆಯೊಂದು ಇದ್ದೇ ಇರುತ್ತದೆ. ಅತಿನೇರಳೆ ದೀಪ ಹಾಕಿದರೆ ನ್ಯೂಜೆರ್ಸಿಯ ಫ್ರಾಂಕ್ಲಿನ್‌ನಿಂದ ಬಂದ ಸಾದಾ ಕಲ್ಲು ಹಸಿರು, ಕೆಂಪಾಗಿ ಉರಿಯುತ್ತದೆ. ಹಸಿರು ವಿಲ್ಲೆಮೈಟ್, ಕೆಂಪು ಕ್ಯಾಲ್ಸೈಟ್, ಎರಡಕ್ಕೂ ಕಾರಣ ಮ್ಯಾಂಗನೀಸ್. ಚಂದ ಇದೆ. ಅಲ್ಲಿ ಕಿರುಚಾಟ ಜಾಸ್ತಿ ಅಂತ ನಾನು ಬೇಗ ಹೊರಗೆ ಬಂದುಬಿಡುತ್ತೇನೆ.

ಪೊಳ್ಳಿನ ಮಾತು ಬಂದರೆ ಮೆಕ್ಸಿಕೊದ ನೈಕಾ ಬಿಡುವ ಹಾಗಿಲ್ಲ. ಎಲ್ಲ ಗ್ಯಾಲರಿಗಳಲ್ಲೂ ಅದರ ಒಂದು ದೊಡ್ಡ ಚಿತ್ರ ಇರುತ್ತದೆ. ಸೀಸ, ಸತು, ಬೆಳ್ಳಿ ತೆಗೆಯುವ ಗಣಿ. 2000ರಲ್ಲಿ ಸುಮಾರು 300 ಮೀಟರ್ ಆಳದಲ್ಲಿ ಕೊರೆಯುವಾಗ ಕಾರ್ಮಿಕರಿಗೆ ಒಂದು ಗುಹೆ ಸಿಕ್ಕಿತು. ಒಳಗೆ ಅಡ್ಡಾದಿಡ್ಡಿ ಬಿದ್ದ ತೊಲೆಗಳ ಹಾಗೆ ಜಿಪ್ಸಮ್ ಹರಳುಗಳು. ದೊಡ್ಡದು 11 ಮೀಟರ್ ದಾಟುತ್ತದೆ. 50 ಡಿಗ್ರಿ ಆಸುಪಾಸಿನ ಬಿಸಿ, ಶೇ 90 ದಾಟಿದ ತೇವ. ತಂಪು ಉಡುಪು ಇಲ್ಲದೆ ಹೋದವರು ಹತ್ತು ನಿಮಿಷ ತಡೆದುಕೊಂಡರೆ ಹೆಚ್ಚು.

ಜಿಪ್ಸಮ್ ಉಗುರಿನಿಂದ ಗೀರಬಹುದಾದ ಖನಿಜ, 1ರಿಂದ 10ರವರೆಗಿನ ಮೋಹ್ಸ್ ಅಳತೆಯಲ್ಲಿ ಗಟ್ಟಿತನ 2. ಗೋಡೆಗೆ ಬಳಿಯುವ ಪ್ಲಾಸ್ಟರ್ ಆಗುವುದು ಅದೇ. ಅದಕ್ಕೆ ಈ ಗಾತ್ರ ಹೇಗೆ ಬಂತು? ಕೆಳಗಿನ ಶಿಲಾರಸದ ಕಾವಿನಿಂದ ಗುಹೆಯ ನೀರು ಲಕ್ಷಾಂತರ ವರ್ಷ 58 ಡಿಗ್ರಿಗಿಂತ ಸ್ವಲ್ಪ ಕೆಳಗೇ ನಿಂತಿತ್ತು. ಆ 58 ಒಂದು ಗಡಿ. ಅದರ ಮೇಲೆ ಅನ್‌ಹೈಡ್ರೈಟ್, ಅಂದರೆ ನೀರಿನಂಶ ಇಲ್ಲದ ಜಿಪ್ಸಮ್‌ನ ನೆಂಟ, ಉಳಿಯುತ್ತದೆ, ಕೆಳಗೆ ಅದು ಕರಗಿ ಜಿಪ್ಸಮ್ ಆಗುತ್ತದೆ. ಗಡಿಯಿಂದ ಕೊಂಚವೇ ಕೆಳಗಿದ್ದರೆ ಬೆಳವಣಿಗೆ ಬಹಳ ನಿಧಾನ, ಹೊಸ ಹರಳು ಮೊಳೆಯುವುದು ಅಪರೂಪ. ಇದ್ದ ಕೆಲವಕ್ಕೇ ಎಲ್ಲ ಸಿಗುತ್ತದೆ. ವಿಜ್ಞಾನಿಗಳು ಆ ವೇಗ ಅಳೆದಾಗ, ಒಂದು ಮೀಟರ್ ದಪ್ಪ ಆಗಲು 10 ಲಕ್ಷ ವರ್ಷದ ಆಸುಪಾಸು ಬೇಕು ಅಂತ ಲೆಕ್ಕ ಸಿಕ್ಕಿತು. ಅದೇ ಗಣಿಯ ಮೇಲಿನ ಇನ್ನೊಂದು ಗುಹೆ 1910ರಲ್ಲೇ ಸಿಕ್ಕಿತ್ತು, 120 ಮೀಟರ್ ಆಳದಲ್ಲಿ. ಅದು ಬೇಗ ಆರಿತು. ಅಲ್ಲಿನ ಹರಳುಗಳು ಲೆಕ್ಕವಿಲ್ಲದಷ್ಟು, ಗಾತ್ರ ಮಾತ್ರ ಇದರ ಮುಂದೆ ಏನೂ ಅಲ್ಲ.

ಗಣಿಗಾಗಿ ನೀರು ಹೊರಗೆ ಹಾಕುತ್ತಿದ್ದ ಪಂಪುಗಳು ಈಗ ನಿಂತಿವೆ, ಗುಹೆ ಮತ್ತೆ ಮುಳುಗಿದೆ. ಅಯ್ಯೋ, ಇನ್ನು ನೋಡಲಾಗಲ್ಲವಲ್ಲ ಅಂತ ಮರುಗುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಗಾಳಿಯಲ್ಲಿ ಒಣಗಿ ನಿಂತಿದ್ದರೆ ಆ ಮೆದು ಹರಳುಗಳ ಮೈ ಹಾಳಾಗುತ್ತಲೇ ಹೋಗುತ್ತಿತ್ತು. ನೋಡಲೇಬೇಕು ಅನ್ನುವವರಿಗೆ ಸ್ಪೇನಿನ ಪುಲ್ಪಿ ಇದೆ. ಮುಚ್ಚಿದ ಹಳೇ ಗಣಿಯೊಳಗಿನ ಜಿಯೋಡ್, ಅಂದರೆ ಒಳಗೋಡೆಗೆ ಹರಳು ಹತ್ತಿದ ಪೊಳ್ಳು ಅದು, ಸುಮಾರು 8 ಮೀಟರ್ ಉದ್ದ, 2019ರಿಂದ ಜನರಿಗೆ ತೆರೆದಿದೆ. ಅಲ್ಲಿ ಹರಳನ್ನು ಕಿತ್ತು ತಂದಿಲ್ಲ, ಪೊಳ್ಳೇ ಗ್ಯಾಲರಿ.

ಕಿತ್ತು ತಂದವು ಗಾಜಿನ ಪೆಟ್ಟಿಗೆಯಲ್ಲೂ ನೆಮ್ಮದಿಯಾಗೇನೂ ಇಲ್ಲ. ಕಲ್ಲು ಅಂದರೆ ಚಿರಂಜೀವಿ ಅಂದುಕೊಂಡಿರುತ್ತೇವೆ. ರಿಯಾಲ್ಗರ್ ಅನ್ನುವ ಕೆಂಪು ಖನಿಜ ಬೆಳಕಿಗೆ ಹಳದಿ ಪುಡಿಯಾಗಿ ಉದುರುತ್ತದೆ, ಅದಕ್ಕೇ ಕತ್ತಲಲ್ಲಿ ಇಡುತ್ತಾರೆ. ಗುಲಾಬಿ ಕುಂಜೈಟ್ ಬಿಸಿಲಿಗೆ ಬಿಳಿಚುತ್ತದೆ, ಅಮೆಥಿಸ್ಟ್ ಕೂಡ ಮಾಸುತ್ತದೆ. ಉಪ್ಪಿನ ಹರಳಿಗೆ ಮಳೆಗಾಲದ ಗಾಳಿಯೇ ಸಾಕು. ಕೆಲವು ಪೈರೈಟ್‌ಗಳಿಗೆ ತೇವ ತಗುಲಿದರೆ ಗಂಧಕಾಮ್ಲ ಒಸರಿ ತಮ್ಮ ಪೆಟ್ಟಿಗೆ, ಚೀಟಿಗಳನ್ನೂ ಸುಟ್ಟುಬಿಡುತ್ತವೆ.

ಚೀಟಿ ಸುಟ್ಟರೆ ನಷ್ಟ ದೊಡ್ಡದು. ಎಲ್ಲಿ ಸಿಕ್ಕಿತು ಅನ್ನುವ ಸಾಲು ಕಳೆದುಹೋದ ಖನಿಜಕ್ಕೆ ಸಂಗ್ರಹಕಾರರ ಲೋಕದಲ್ಲಿ ಅರ್ಧ ಬೆಲೆಯೂ ಇಲ್ಲ. ರತ್ನಗಳಲ್ಲಿ ಹಾಗಲ್ಲ. ಬ್ರಿಟನ್ನಿನ ಕಿರೀಟದಲ್ಲಿ ಬ್ಲ್ಯಾಕ್ ಪ್ರಿನ್ಸನ ಮಾಣಿಕ್ಯ ಅಂತ ಕೂತಿರುವುದು ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಅನ್ನುವ ಬೇರೆ ಖನಿಜ. ಅದರಿಂದ ಅದರ ಗತ್ತೇನೂ ಇಳಿದಿಲ್ಲ.

ನೀವು ಯಾವುದಾದರೂ ಗ್ಯಾಲರಿಗೆ ಹೋದರೆ ಹರಳಿನ ತುದಿ ಎಲ್ಲರಂತೆ ನೋಡಿ, ಆಮೇಲೆ ಬುಡ ನೋಡಿ. ಅದು ಅಂಟಿಕೊಂಡಿದ್ದ ತಾಯಿಗಲ್ಲು ಇದೆಯಾ? ಬೆಸಾಲ್ಟಾ, ಸುಣ್ಣಕಲ್ಲಾ? ಬುಡವನ್ನು ನೇರ ಕೊಯ್ದು ಪೀಠಕ್ಕೆ ಕೂರಿಸಿದ್ದಾರಾ? ಪಾಕೆಟ್‌ನಿಂದ ಬಂದ ಉದ್ದನೆಯ ಟೂರ್ಮಲಿನ್ ಆದರೆ ಬೆಳಕಿಗೆ ಅಡ್ಡ ನಿಂತು ನೋಡಿ, ಸಣ್ಣ ಅಡ್ಡಗೆರೆ ಕಾಣಬಹುದು. ನೆಲದೊಳಗೆ ಅಥವಾ ತೆಗೆಯುವಾಗ ಮುರಿದು, ಆಮೇಲೆ ಅಂಟಿಸಿದ ಜಾಗ ಅದು. ಮಾರುಕಟ್ಟೆಯಲ್ಲಿ ಇದು ಮಾಮೂಲು, ಮುಚ್ಚಿಟ್ಟರೆ ಮಾತ್ರ ಮೋಸ. ಒಂದು ಕಡೆ ಚೀಟಿಯಲ್ಲಿ ಗಣಿಯ ಹೆಸರಿನ ಕೆಳಗೆ "ಎರಡು ಕಡೆ ಜೋಡಿಸಿದೆ" ಅಂತ ಸ್ಪಷ್ಟವಾಗಿ ಬರೆದಿದ್ದರು. ಆ ಗ್ಯಾಲರಿಯ ಉಳಿದ ಚೀಟಿಗಳನ್ನೂ ನಾನು ಅನುಮಾನ ಇಲ್ಲದೆ ಓದಿದೆ.